ಛೇದದಲ್ಲಿ ಏನಿದೆ?

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸುಸ್ಥಿರತೆಯ ಪಾಠ ಸಾಮಾನ್ಯವಾಗಿ ವ್ಯಾಖ್ಯೆಯಿಂದ ಶುರುವಾಗುತ್ತದೆ. ಸುಸ್ಥಿರ ಅಭಿವೃದ್ಧಿ ಎಂದರೇನೆಂದು ಹೇಳಿದ 1987ರ ಬ್ರುಂಟ್‌ಲ್ಯಾಂಡ್ ವರದಿಯ ಸಾಲು, ಪರಿಸರ, ಸಮಾಜ, ಆರ್ಥಿಕತೆ ಎಂದು ಒಂದರ ಮೇಲೊಂದು ಬಿದ್ದ ಮೂರು ವೃತ್ತಗಳ ಚಿತ್ರ, ಆಮೇಲೆ ವಿಶ್ವಸಂಸ್ಥೆಯ 17 ಗುರಿಗಳ ಬಣ್ಣದ ಚೌಕಗಳು. ಪರೀಕ್ಷೆಯಲ್ಲಿ ಇವನ್ನೇ ಬರೆದರೆ ಅಂಕ ಸಿಗುತ್ತದೆ. ಅದೇ ವಿದ್ಯಾರ್ಥಿಗಳು ಮರುದಿನ ಕಾಂಕ್ರೀಟ್ ಲ್ಯಾಬಿನಲ್ಲಿ ಕ್ಯೂಬ್ ಒಡೆದು, 28 ದಿನದ ಬಲ ಎಷ್ಟು ಬಂತೆಂದು ಬರೆದುಕೊಂಡು ಮನೆಗೆ ಹೋಗುತ್ತಾರೆ. ಆ ಕ್ಯೂಬಿನಲ್ಲಿ ಸಿಮೆಂಟ್ ಎಷ್ಟಿತ್ತು, ಅದೇ ಕಾಂಕ್ರೀಟಿನಲ್ಲಿ ಕಟ್ಟಿದ ಮನೆ ಕಾರವಾರದ ಉಪ್ಪುಗಾಳಿಗೆ ಎಷ್ಟು ವರ್ಷ ನಿಲ್ಲುತ್ತದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಹೀಗಾಗಿದ್ದಕ್ಕೆ ಕಾರಣವಿದೆ. ಪರಿಸರ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ಆದೇಶದ ಬೆನ್ನಿಗೆ ಪರಿಸರ ಅಧ್ಯಯನ ಕಡ್ಡಾಯ ವಿಷಯವಾಯಿತು. ರಾಷ್ಟ್ರೀಯ ಮಾನ್ಯತಾ ಮಂಡಳಿ ಎಂಜಿನಿಯರಿಂಗ್ ಪದವಿಗೆ ಹಾಕಿದ್ದ 12 ಕಲಿಕಾ ಫಲಗಳ ಪಟ್ಟಿಯಲ್ಲಿ ಏಳನೆಯದು ಪರಿಸರ ಮತ್ತು ಸುಸ್ಥಿರತೆ. ಎರಡೂ ಒಳ್ಳೆಯ ಉದ್ದೇಶದವೇ. ಆದರೆ ಕಾಲೇಜಿನ ವೇಳಾಪಟ್ಟಿಗೆ ಬರುವ ಹೊತ್ತಿಗೆ ಅವು ವಾರಕ್ಕೊಂದು ಗಂಟೆಯ, ನಾಲ್ಕರಲ್ಲಿ ಒಂದು ಉತ್ತರಕ್ಕೆ ಗುರುತು ಹಾಕುವ ಪತ್ರಿಕೆಯಾಗಿ ಕುಗ್ಗಿದವು. ಆ ಪತ್ರಿಕೆ ಇರಲಿ. ಕಲಿಕೆ ಮಾತ್ರ ಈಗಾಗಲೇ ಇರುವ ಲ್ಯಾಬುಗಳ ಒಳಗೇ ಆಗಬೇಕು, ಲೆಕ್ಕದ ರೂಪದಲ್ಲೇ ಆಗಬೇಕು. ಅದಕ್ಕೆ ಬೇಕಾದ ಸಾಮಾನು ಉತ್ತರ ಕನ್ನಡದಲ್ಲಿ ಕಾಲಿಗೆ ಎಡತಾಕುವಷ್ಟಿದೆ.

ಪ್ರತಿ ಸುಸ್ಥಿರತೆಯ ಲೆಕ್ಕವೂ ಒಂದು ಭಿನ್ನರಾಶಿ. ಮೇಲೆ ಅಂಶದಲ್ಲಿ ಖರ್ಚು ಕೂತಿರುತ್ತದೆ: ಇಂಗಾಲ, ನೀರು, ಸೌದೆ, ವಿದ್ಯುತ್ತು. ಕೆಳಗೆ ಛೇದದಲ್ಲಿ ಆ ಖರ್ಚಿನಿಂದ ದಕ್ಕಿದ್ದು. ಅಂಶವನ್ನು ಕಡಿಮೆ ಮಾಡುವುದನ್ನು ಎಲ್ಲರೂ ಕಲಿಸುತ್ತಾರೆ, ಛೇದವನ್ನು ಆರಿಸುವುದನ್ನು ಹೆಚ್ಚಿನವರು ಕಲಿಸುವುದಿಲ್ಲ. ವಿದ್ಯಾರ್ಥಿಗಳ ವರದಿಗಳು ಕೆಡುವುದು ಬಹುತೇಕ ಇಲ್ಲೇ.

ಐಸಿನಿಂದಲೇ ಶುರುಮಾಡಬಹುದು. ಮೆಕ್ಯಾನಿಕಲ್ ವಿಭಾಗದ ಶಾಖ ವರ್ಗಾವಣೆ ಲ್ಯಾಬಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಕರಾವಳಿಯಲ್ಲಿ ಸಿಗಲಿಕ್ಕಿಲ್ಲ. ಕಾರವಾರದ ಬೈತಖೋಲ ಬಂದರಿನಿಂದ ಮೀನು ತೆಗೆದುಕೊಂಡು ಬಸ್ಸಿನಲ್ಲಿ ಊರೂರಿಗೆ ಹೋಗಿ ಮಾರುವ ಹೆಂಗಸರ ಥರ್ಮೋಕೋಲ್ ಪೆಟ್ಟಿಗೆಯನ್ನು ಎತ್ತಿಕೊಳ್ಳೋಣ. ಹೊರಅಳತೆ 60, 40, 35 ಸೆಂಟಿಮೀಟರ್. ಗೋಡೆಯ ದಪ್ಪ 20 ಮಿಲಿಮೀಟರ್. ಒಳಗೆ 20 ಕಿಲೋ ಬಂಗಡೆ. ಬಂಗಡೆ 28 ಡಿಗ್ರಿಯಲ್ಲಿದೆ, ಸೊನ್ನೆಗೆ ಇಳಿಯಬೇಕು. ಮೀನಿನ ವಿಶಿಷ್ಟ ಶಾಖ, ಅಂದರೆ ಒಂದು ಕಿಲೋವನ್ನು ಒಂದು ಡಿಗ್ರಿ ಇಳಿಸಲು ತೆಗೆಯಬೇಕಾದದ್ದು, ಸುಮಾರು 3.6 ಕಿಲೋಜೂಲ್. 20, 3.6, 28 ಗುಣಿಸಿದರೆ 2,016 ಕಿಲೋಜೂಲ್. ಒಂದು ಕಿಲೋ ಐಸು ಕರಗುವಾಗ 334 ಕಿಲೋಜೂಲ್ ಹೀರುತ್ತದೆ. ಅಂದರೆ ಮೀನು ತಣ್ಣಗಾಗಲು ಬೇಕಾದದ್ದು 6 ಕಿಲೋ ಐಸು ಮಾತ್ರ. ಆದರೆ ಬಂದರಿನಲ್ಲಿ ಮೀನಿನ ಸಮಸಮ ಐಸು ಸುರಿಯುವವರೂ ಇದ್ದಾರೆ. ಉಳಿದದ್ದು ಎಲ್ಲಿ ಹೋಯಿತು?

ಗೋಡೆಯಲ್ಲಿ ಹೋಯಿತು. ಪೆಟ್ಟಿಗೆಯ ಹೊರಮೈ 1.18 ಚದರ ಮೀಟರ್. ಥರ್ಮೋಕೋಲಿನ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 0.037 ವ್ಯಾಟ್. ಹೊರಗಿನ ಗಾಳಿಯ ತಡೆಯನ್ನೂ ಸೇರಿಸಿ, 30 ಡಿಗ್ರಿ ವ್ಯತ್ಯಾಸಕ್ಕೆ ಲೆಕ್ಕ ಹಾಕಿದರೆ 55 ವ್ಯಾಟ್ ಶಾಖ ಒಳನುಗ್ಗುತ್ತಿರುತ್ತದೆ. 12 ಗಂಟೆಗೆ ಅದು ಕರಗಿಸುವುದು 7 ಕಿಲೋ ಐಸನ್ನು, ಮೀನು ತಣಿಸಲು ಬೇಕಾದದ್ದಕ್ಕಿಂತ ಹೆಚ್ಚು. ಗೋಡೆಯನ್ನು 40 ಮಿಲಿಮೀಟರ್ ಮಾಡಿದರೆ ಶಾಖ 30 ವ್ಯಾಟಿಗೆ ಇಳಿಯುತ್ತದೆ, ಕರಗುವ ಐಸು 4 ಕಿಲೋದ ಒಳಗೆ ಬರುತ್ತದೆ. ದಿನಕ್ಕೆ ಮೂರು ಕಿಲೋ ಚಿಲ್ಲರೆ ಉಳಿಯಿತು.

ಲೆಕ್ಕ ಇಲ್ಲಿಗೆ ನಿಲ್ಲಿಸಿದರೆ ಪಾಠ ಹಾಳು. ಎರಡು ಪೆಟ್ಟಿಗೆಯನ್ನೂ ತಂದು ತೂಗಿ ನೋಡಬೇಕು. ತಲಾ 10 ಕಿಲೋ ಪುಡಿ ಐಸು ಹಾಕಿ, ಕೆಳಗಿನ ತೂತಿನಿಂದ ಬರುವ ಕರಗಿದ ನೀರನ್ನು ಗಂಟೆಗೊಮ್ಮೆ ಹಿಡಿದು ತೂಗುವುದು, ಜೊತೆಗೆ ಹೊರಗಿನ ಉಷ್ಣಾಂಶ ಮತ್ತು ತೇವಾಂಶ ಬರೆದುಕೊಳ್ಳುವುದು. ಮೊದಲ ಗಂಟೆಯ ಅಂಕಿಯನ್ನು ಬಿಟ್ಟುಬಿಡಬೇಕು. ಆಗ ಪೆಟ್ಟಿಗೆಯೇ ತಣ್ಣಗಾಗುತ್ತಿರುತ್ತದೆ, ಐಸಿನ ಪುಡಿಯ ನಡುವೆ ನೀರು ಸಿಕ್ಕಿಕೊಂಡಿರುತ್ತದೆ. ಅಳತೆ ಲೆಕ್ಕಕ್ಕಿಂತ ಜಾಸ್ತಿ ಬಂದರೆ ಮೊದಲು ನೋಡಬೇಕಾದದ್ದು ಮುಚ್ಚಳ. ಮುಚ್ಚಳದ ಸಂದಿಯಲ್ಲಿ ಕರಾವಳಿಯ ಒದ್ದೆ ಗಾಳಿ ಒಳಬಂದು ಐಸಿನ ಮೇಲೆ ಹನಿಯಾಗುತ್ತದೆ. ಒಂದು ಗ್ರಾಂ ಆವಿ ಹನಿಯಾಗುವಾಗ ಬಿಡುವ ಶಾಖ ಏಳೂವರೆ ಗ್ರಾಂ ಐಸನ್ನು ಕರಗಿಸುತ್ತದೆ. ಗಿರಾಕಿ ಬಂದಾಗಲೆಲ್ಲ ಮುಚ್ಚಳ ತೆಗೆಯಲೇಬೇಕಲ್ಲ. ಹಾಗಾಗಿ ಎರಡನೇ ಸುತ್ತಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಮುಚ್ಚಳ ತೆಗೆದು ಅಳೆಯಬೇಕು. ಐಸಿನ ಮೇಲೆ ಒದ್ದೆ ಗೋಣಿ ಹೊದಿಸಿದರೆ ಎಷ್ಟು ಉಳಿಯುತ್ತದೆಂದು ಮೂರನೇ ಸುತ್ತಿನಲ್ಲಿ ನೋಡಬಹುದು.

ಇನ್ನು ಛೇದ. ಹೆಚ್ಚಿನ ವರದಿಗಳು 'ಪೆಟ್ಟಿಗೆಗೆ ಇಷ್ಟು ಐಸು' ಎಂದು ಬರೆದು ಮುಗಿಸುತ್ತವೆ. ಬಸ್ಸಿನಲ್ಲಿ ಸೀಟಿನ ಕೆಳಗೆ ಹಿಡಿಸಬೇಕಾದ್ದರಿಂದ ಹೊರಅಳತೆಯನ್ನು ಹೆಚ್ಚಿಸುವ ಹಾಗಿಲ್ಲ. ದಪ್ಪವನ್ನು ಒಳಕ್ಕೇ ಬೆಳೆಸಬೇಕು. 20 ಮಿಲಿಮೀಟರ್ ಗೋಡೆಯ ಪೆಟ್ಟಿಗೆಯ ಒಳಗೆ 62 ಲೀಟರ್ ಜಾಗವಿದ್ದರೆ 40 ಮಿಲಿಮೀಟರಿನದಕ್ಕೆ ಉಳಿಯುವುದು 45 ಲೀಟರ್. ಇಪ್ಪತ್ತು ಕಿಲೋ ಮೀನು, ಹತ್ತು ಕಿಲೋ ಐಸು, ನಡುವಿನ ಸಂದು ಎಲ್ಲ ಸೇರಿ ಆ ಜಾಗಕ್ಕೆ ಕಷ್ಟದಲ್ಲಿ ಹಿಡಿಸುತ್ತವೆ. ತುರುಕಿದರೆ ಮೀನು ಒಡೆಯುತ್ತದೆ. ಆದ್ದರಿಂದ ಛೇದಕ್ಕೆ ಬರಬೇಕಾದದ್ದು ಪೆಟ್ಟಿಗೆಯೂ ಅಲ್ಲ, ತುಂಬಿಸಿದ ಮೀನೂ ಅಲ್ಲ. ಸಂಜೆಯವರೆಗೆ ಮಾರಲು ಯೋಗ್ಯವಾಗಿ ಉಳಿದ ಮೀನು.

ಹೀಗೆ ಛೇದ ಬದಲಾದ ಕೂಡಲೇ ಇಡೀ ಲೆಕ್ಕದ ದಿಕ್ಕು ತಿರುಗುತ್ತದೆ. 28 ಡಿಗ್ರಿಯ ನೀರನ್ನು ಐಸು ಮಾಡಿ ಇನ್ನೂ ಐದು ಡಿಗ್ರಿ ಕೆಳಗಿಳಿಸಲು ಕಿಲೋಗೆ ಸುಮಾರು 460 ಕಿಲೋಜೂಲ್ ತೆಗೆಯಬೇಕು. ಯಂತ್ರದ ಸಿಒಪಿ (ಒಂದು ಪಾಲು ವಿದ್ಯುತ್ತಿಗೆ ಅದು ಎಷ್ಟು ಪಾಲು ಶಾಖ ತೆಗೆಯುತ್ತದೆ ಎಂಬ ಅಂಕಿ) 3 ಎಂದಿಟ್ಟುಕೊಂಡರೆ ಟನ್ನಿಗೆ 43 ಯುನಿಟ್. ಪಂಪು, ಸೋರುವ ಶಾಖ ಎಲ್ಲ ಸೇರಿಸಿ ಲೆಕ್ಕಕ್ಕೆ 60 ಹಿಡಿಯೋಣ. ನಮ್ಮ ಗ್ರಿಡ್ಡಿನ ವಿದ್ಯುತ್ತಿಗೆ ಯುನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ದಪ್ಪ ಗೋಡೆಯಿಂದ ಉಳಿದ ಮೂರು ಕಿಲೋ ಚಿಲ್ಲರೆ ಐಸು ಅಂದರೆ 130 ಗ್ರಾಂ ಡೈಆಕ್ಸೈಡ್, ದೋಣಿಯ ಡೀಸೆಲ್ ಲೆಕ್ಕದಲ್ಲಿ 50 ಮಿಲಿಲೀಟರ್. ಒಂದು ಲೀಟರ್ ಡೀಸೆಲ್ ಉರಿದರೆ 2.7 ಕಿಲೋ ಬರುತ್ತದೆ. ಇಷ್ಟು ಬರೆದ ಮೇಲೆ, ಐಸು ಉಳಿಸಲು ಹೋಗಿ ಎರಡು ಕಿಲೋ ಬಂಗಡೆ ಕೆಡಿಸಿಕೊಂಡರೆ ಆ ಮೀನಿನ ಹಿಂದಿರುವ ಡೀಸೆಲ್ಲೆಲ್ಲ ನೀರುಪಾಲು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲಾಗಿ ಬಂಗಡೆ, ತಾರ್ಲೆಯಂಥ ಮೀನು ಬಿಸಿಗೆ ಬಿದ್ದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಕುದಿಸಿದರೂ ಹೋಗುವುದಿಲ್ಲ. 'ಐಸು ಕಡಿಮೆ ಬಳಸಿ' ಎಂಬ ಹಸಿರು ಸಲಹೆ ಇಲ್ಲಿ ಪೂರ್ತಿ ತಪ್ಪು. ದಪ್ಪ ಪೆಟ್ಟಿಗೆಯ ನಿಜವಾದ ಲಾಭ ಮೀನು ಉಳಿಯುವುದರಲ್ಲಿದೆ, ಐಸಿನ ದುಡ್ಡಿನಲ್ಲಿದೆ.

ಘಟ್ಟ ಹತ್ತಿದರೆ ಶಿರಸಿ ಸೀಮೆಯಲ್ಲಿ ಇದೇ ಪಾಠಕ್ಕೆ ಅಡಿಕೆ ಬೇಯಿಸುವ ಒಲೆಯಿದೆ. ಕೆಂಪಡಿಕೆ ಮಾಡುವ ಮನೆಗಳಲ್ಲಿ ಅಡಿಕೆ ಗೊನೆ ಕೊಯ್ಯುವ ಕಾಲಕ್ಕೆ ದೊಡ್ಡ ಹಂಡೆ ಏರುತ್ತದೆ, ಸುಲಿದ ಹಸಿ ಅಡಿಕೆ ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸ) ಹಾಕಿದ ನೀರಿನಲ್ಲಿ ಬೇಯುತ್ತದೆ. ಒಲೆಯ ದಕ್ಷತೆ ಅಳೆಯುವುದು ಮೇಲ್ನೋಟಕ್ಕೆ ಸುಲಭ. ಮೊದಲ ಸಲ ಅಡಿಕೆಯಿಲ್ಲದೆ ಬರೀ 50 ಲೀಟರ್ ನೀರು ಹಾಕಿ ಕುದಿಸಿ ನೋಡಬೇಕು. ಒಂದು ಉದಾಹರಣೆ: ನೀರು 26 ಡಿಗ್ರಿಯಿಂದ 98ಕ್ಕೆ ಏರಿತು, 2 ಕಿಲೋ ಆವಿಯಾಯಿತು, 9 ಕಿಲೋ ಸೌದೆ ಉರಿಯಿತು, ಕೊನೆಯಲ್ಲಿ 400 ಗ್ರಾಂ ಕೆಂಡ ಉಳಿಯಿತು. (ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ, ನೀರು ಅಲ್ಲಿ 98ಕ್ಕೇ ಕುದಿಯುತ್ತದೆ, 100 ಆಗಲೆಂದು ಕಾಯುತ್ತ ಕೂತರೆ ಸೌದೆ ಸುಮ್ಮನೆ ಹೋಗುತ್ತದೆ.) ನೀರಿಗೆ ಸೇರಿದ ಶಾಖ 19.6 ಮೆಗಾಜೂಲ್.

ಎಡವಟ್ಟಾಗುವುದು ಸೌದೆಯ ಕಡೆ. ಪುಸ್ತಕದಲ್ಲಿ ಒಣ ಕಟ್ಟಿಗೆಗೆ ಕಿಲೋಗೆ 18 ಮೆಗಾಜೂಲ್ ಎಂದಿರುತ್ತದೆ, ವಿದ್ಯಾರ್ಥಿಗಳು ಅದನ್ನೇ ಹಾಕುತ್ತಾರೆ. ಕೊಟ್ಟಿಗೆಯಲ್ಲಿ ಒಟ್ಟಿದ ಸೌದೆ ಅಷ್ಟು ಒಣಗಿರುವುದಿಲ್ಲ. ಅರ್ಧ ಕಿಲೋ ಚಕ್ಕೆಯನ್ನು 105 ಡಿಗ್ರಿ ಓವನ್ನಿನಲ್ಲಿ ತೂಕ ನಿಲ್ಲುವವರೆಗೆ, ಅಂದರೆ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಇಡಬೇಕು. 500 ಗ್ರಾಂ 400ಕ್ಕೆ ಇಳಿದರೆ ತೇವ ಹಸಿ ತೂಕದ ಮೇಲೆ ಶೇ 20, ಒಣ ತೂಕದ ಮೇಲೆ ಶೇ 25. ಯಾವ ಲೆಕ್ಕ ಹಿಡಿದಿದ್ದೇವೆಂದು ಬರೆಯದಿದ್ದರೆ ಮುಂದಿನದೆಲ್ಲ ಗೊಂದಲ. ಇದೂ ಛೇದದ್ದೇ ತಪ್ಪು. ಶೇ 20 ತೇವದ ಸೌದೆಗೆ ಸಿಗುವುದು ಕಿಲೋಗೆ 14 ಮೆಗಾಜೂಲ್ ಚಿಲ್ಲರೆ, ಶೇ 40ರದ್ದಕ್ಕೆ 10. ಉಳಿದ ಕೆಂಡಕ್ಕೆ ಕಿಲೋಗೆ 29 ಮೆಗಾಜೂಲಿನಂತೆ ಕಳೆಯಬೇಕು. ಸರಿಯಾಗಿ ಮಾಡಿದರೆ ದಕ್ಷತೆ ಶೇ 17ರ ಹತ್ತಿರ. ಕೆಂಡ ಮರೆತರೆ 15. ಒಣ ಕಟ್ಟಿಗೆಯ ಅಂಕಿ ಹಾಕಿದರೆ 13. ಒಂದೇ ಒಲೆ, ಒಂದೇ ದಿನ, ಮೂರು ಉತ್ತರ. ಸುಧಾರಿತ ಒಲೆಯಿಂದ ಇಷ್ಟು ಉಳಿಯಿತು ಎಂಬ ವರದಿ ಕೈಗೆ ಬಂದಾಗ ಮೊದಲು ಸೌದೆಯ ತೇವ ಎಲ್ಲಿ ಬರೆದಿದೆ ಎಂದು ಹುಡುಕುವ ಅಭ್ಯಾಸ ಈ ಒಂದು ಲೆಕ್ಕದಿಂದ ಬರುತ್ತದೆ.

ಸುಧಾರಿತ ಒಲೆ ಕರ್ನಾಟಕಕ್ಕೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು ಶುರುಮಾಡಿದ ಅಸ್ತ್ರ ಕೇಂದ್ರದ ಹೆಸರನ್ನೇ ಹೊತ್ತ ಅಸ್ತ್ರ ಒಲೆ ಹಳ್ಳಿಮನೆಗಳಿಗೆ ಹೋಗಿತ್ತು. ಬೂದಿ ಉದುರುವ ಜಾಲರಿ, ಹೊಗೆಗೊಳವೆ, ಗಾಳಿಯನ್ನು ಹತೋಟಿಯಲ್ಲಿಡುವ ಬಾಗಿಲು, ಸಾಲಾಗಿ ಮೂರು ಪಾತ್ರೆ. ಇಂಥ ಒಲೆಗಳು ಲ್ಯಾಬಿನಲ್ಲಿ ಗೆದ್ದು ಮನೆಯಲ್ಲಿ ಸೋಲುವುದುಂಟು, ಅದಕ್ಕೆ ಕಾರಣಗಳನ್ನು ಹುಡುಕಿಸುವುದೂ ಪಾಠದ ಭಾಗವಾಗಬೇಕು. ಬಾಗಿಲು ಚಿಕ್ಕದಾದರೆ ಉದ್ದ ಕುಂಟೆ (ಸೌದೆಯ ತುಂಡು) ಒಳಗೆ ಹೋಗುವುದಿಲ್ಲ. ಬಾಗಿಲು ತೆಗೆದೇ ಉರಿಸುತ್ತಾರೆ, ಬೇಡದ ಗಾಳಿ ನುಗ್ಗಿ ಶಾಖವೆಲ್ಲ ಕೊಳವೆ ಪಾಲಾಗುತ್ತದೆ. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ತಿರುಗಿ ಒಳಗೇ ಬರುತ್ತದೆ. ಸಣ್ಣಗೆ ಸೀಳಿದ ಸೌದೆಯೇ ಬೇಕೆಂದರೆ ಸೀಳುವ ಕೆಲಸ ಯಾರ ತಲೆಗೆ? ಆ ಹೊತ್ತು ಯಾವ ಭಿನ್ನರಾಶಿಯಲ್ಲೂ ಕಾಣುವುದಿಲ್ಲ. ಅಡಿಕೆಯ ವಿಷಯದಲ್ಲಿ ಇನ್ನೂ ಒಂದಿದೆ: ಬಣ್ಣ. ಬೇಯುವ ಹದ ತಪ್ಪಿ ಬಣ್ಣ ಮಂಕಾದರೆ ವಖಾರಿಯಲ್ಲಿ (ಅಡಿಕೆ ಮಂಡಿಯಲ್ಲಿ) ದರ ಬೀಳುತ್ತದೆ. ಸೌದೆಯಲ್ಲಿ ಉಳಿಸಿದ್ದು ಅಲ್ಲಿ ಕೈಬಿಟ್ಟು ಹೋಗುತ್ತದೆ. ಆದ್ದರಿಂದ ಇಲ್ಲಿಯ ಛೇದ ಕುದಿದ ನೀರಲ್ಲ, ಒಳ್ಳೆಯ ದರಕ್ಕೆ ಹೋದ ಒಂದು ಕಿಲೋ ಒಣ ಅಡಿಕೆ.

ಛೇದದ ಈ ವಿಚಾರ ಆ ಸೀಮೆಗೆ ಹೊರಗಿನದಲ್ಲ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಎಂಬ ಹಳೆಯ ಲೆಕ್ಕ ಉತ್ತರ ಕನ್ನಡದಲ್ಲಿದೆ. ತೋಟಕ್ಕೆ ಹಾಕುವ ಸೊಪ್ಪು, ದರಕು (ಒಣ ಎಲೆ) ಎಲ್ಲ ಆ ಬೆಟ್ಟದಿಂದಲೇ ಬರಬೇಕು. ತೋಟವೆಂದರೆ ಬೇಲಿಯೊಳಗಿನ ಒಂದೇ ಎಕರೆ ಅಲ್ಲ, ಅದನ್ನು ಸಾಕುವ ಕಾಡೂ ಸೇರಿ ಹತ್ತು ಎಕರೆ ಎಂಬ ತಿಳಿವಳಿಕೆ ಆ ಅಂಕಿಯಲ್ಲಿದೆ. ವ್ಯವಸ್ಥೆಯ ಗಡಿ ಎಳೆಯುವುದನ್ನು ಕಲಿಸಲು ಇದಕ್ಕಿಂತ ಚೆನ್ನಾದ ಉದಾಹರಣೆ ಪಠ್ಯಪುಸ್ತಕದಲ್ಲಿ ಕಂಡಿಲ್ಲ.

ಸಿವಿಲ್‌ನವರಿಗೆ ಕಾಂಕ್ರೀಟು. ಇದನ್ನು ಚಿಕ್ಕದಾಗಿ ಹೇಳಬಹುದು, ಏಕೆಂದರೆ ಬೇಕಾದ ಮಿತಿಗಳು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರಲ್ಲೇ ಇವೆ. ಕಡಲತೀರದ ಗಾಳಿಗೆ ಒಡ್ಡಿದ ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು) 'ತೀವ್ರ' ವರ್ಗಕ್ಕೆ ಸೇರುತ್ತದೆ: ಬಲದ ದರ್ಜೆ ಕನಿಷ್ಠ ಎಂ30, ಘನ ಮೀಟರಿಗೆ 320 ಕಿಲೋ ಸಿಮೆಂಟ್, ನೀರು–ಸಿಮೆಂಟ್ ಪ್ರಮಾಣ 0.45ರ ಒಳಗೆ, ಕವರ್, ಅಂದರೆ ಸರಳಿನ ಹೊರಗಿನ ಕಾಂಕ್ರೀಟಿನ ದಪ್ಪ, 45 ಮಿಲಿಮೀಟರ್. ಸಾದಾ ಸಿಮೆಂಟಿಗೆ ಕಿಲೋಗೆ 0.8 ಕಿಲೋ ಇಂಗಾಲದ ಡೈಆಕ್ಸೈಡ್ ಹಿಡಿದರೆ ಘನ ಮೀಟರಿಗೆ ಸುಮಾರು 256 ಕಿಲೋ. ವಿದ್ಯಾರ್ಥಿಗಳ ಕಣ್ಣೆಲ್ಲ ಈ 256ರ ಮೇಲೇ ಇರುತ್ತದೆ. ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳ ಸ್ಲ್ಯಾಗ್ (ಕುಲುಮೆಯ ಕಿಟ್ಟದ ಪುಡಿ) ಸಿಮೆಂಟಿನ ಬದಲು ಅರ್ಧದಷ್ಟು ಬೆರೆಸಿದರೆ ಆ ಅಂಕಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಸ್ಲ್ಯಾಗ್ ಉಪ್ಪಿನ ಕ್ಲೋರೈಡನ್ನೂ ತಡೆಯುತ್ತದೆ, ನಿಜ. ಆದರೆ ಸ್ಲ್ಯಾಗ್ ಬೆರೆತ ಕಾಂಕ್ರೀಟು ನಿಧಾನಕ್ಕೆ ಬಲಿಯುತ್ತದೆ, ಕ್ಯೂರಿಂಗ್ ಹತ್ತು ದಿನಕ್ಕೆ ಕಡಿಮೆಯಾದರೆ ಮೇಲ್ಮೈ ಸಡಿಲವಾಗಿಯೇ ಉಳಿದು ತಡೆಯುವ ಗುಣವೇ ಹೋಗುತ್ತದೆ.

ಇಲ್ಲಿ ಛೇದ ವರ್ಷ. ಉಪ್ಪು ಕಬ್ಬಿಣದವರೆಗೆ ಇಳಿಯಲು ಬೇಕಾದ ಕಾಲ ಸರಿಸುಮಾರು ಕವರಿನ ದಪ್ಪವನ್ನು ಅದರಿಂದಲೇ ಗುಣಿಸಿದ್ದಕ್ಕೆ ಅನುಗುಣವಾಗಿರುತ್ತದೆ. ಕವರ್ ಬ್ಲಾಕ್ ಇಡದೆ ಸರಳಿನ ಕೆಳಗೆ ಜಲ್ಲಿಚೂರು ತುರುಕಿ, ಮೇಲೆ ಓಡಾಡಿ, 45 ಇರಬೇಕಾದ ಕಡೆ 20 ಉಳಿದರೆ ಆ ಕಾಲ ಐದನೇ ಒಂದು ಪಾಲಿಗೆ ಬೀಳುತ್ತದೆ. 50 ವರ್ಷ ನಿಲ್ಲಬೇಕಾದದ್ದು 10ಕ್ಕೆ ಬಿರುಕು ಬಿಟ್ಟರೆ ವರ್ಷಕ್ಕೆ 5 ಕಿಲೋ ಇದ್ದ ಇಂಗಾಲ 25 ಆಯಿತು. ಸ್ಲ್ಯಾಗ್ ಬೆರೆಸಿ ಉಳಿಸಿದ್ದೆಲ್ಲ ಕೆಲವೇ ರೂಪಾಯಿಯ ಕವರ್ ಬ್ಲಾಕಿನ ಸೋಮಾರಿತನದಲ್ಲಿ ಕರಗಿಹೋಗುತ್ತದೆ. ಲ್ಯಾಬಿನಲ್ಲಿ ಸರಳು ಎಷ್ಟು ಆಳದಲ್ಲಿದೆಯೆಂದು ತೋರಿಸುವ ರಿಬಾರ್ ಲೊಕೇಟರ್ ಇದ್ದರೆ ಹಾಸ್ಟೆಲಿನ ಬಾಲ್ಕನಿಯಲ್ಲೇ 30 ಕಡೆ ಕವರ್ ಅಳೆಯಬಹುದು. ಸರಾಸರಿ ಬರೆದರೆ ಸಾಲದು. ಕಡಿಮೆ ಬಂದ ಮೂರು ಜಾಗ ಯಾವುವು, ಅಲ್ಲೇ ತುಕ್ಕಿನ ಕಲೆ ಇದೆಯೇ ನೋಡಬೇಕು, ಏಕೆಂದರೆ ಕಟ್ಟಡ ಕೆಡುವುದು ಕಡಿಮೆಯಿದ್ದಲ್ಲಿಂದ. ಅಳಿವೆಯ ಮರಳು ಬಳಸಿದ ಅನುಮಾನವಿದ್ದರೆ ಸಿಲ್ವರ್ ನೈಟ್ರೇಟ್ ಟೈಟ್ರೇಶನ್ ಮಾಡಿ ಕ್ಲೋರೈಡ್ ನೋಡುವುದು. ಘನ ಮೀಟರಿಗೆ 0.6 ಕಿಲೋ ಮಿತಿ.

ಭಿನ್ನರಾಶಿಗೆ ಒಗ್ಗದ ವಿಷಯಗಳೂ ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ, ಅವನ್ನು ಬಚ್ಚಿಡಬಾರದು. ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಅದರ ಕೆಳಗೆ ಕೊಡಸಳ್ಳಿ, ಕದ್ರಾ. ಶರಾವತಿಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ. ಎಲೆಕ್ಟ್ರಿಕಲ್‌ನವರಿಗೆ ಲೆಕ್ಕ ಸುಲಭ: ನೀರು ಮೇಲೆತ್ತಿ ಇಳಿಸುವ ಸುತ್ತಿನ ದಕ್ಷತೆ ಶೇ 78 ಎಂದರೆ 100 ಯುನಿಟ್ ವಾಪಸು ಬರಲು 128 ಯುನಿಟ್ ಕೊಡಬೇಕು, ಆ 28 ಯುನಿಟ್ ನಷ್ಟದ ಬದಲಿಗೆ ರಾತ್ರಿಗೂ ಸೌರವಿದ್ಯುತ್ತು ಸಿಕ್ಕ ಹಾಗಾಗುತ್ತದೆ. ಸಿಂಗಳೀಕದ ಕಾಡನ್ನು, ಮುಳುಗಿದ ಊರನ್ನು, ಅಳಿವೆಯಲ್ಲಿ ಸಿಹಿನೀರು ಉಪ್ಪುನೀರಿನ ಹದ ತಪ್ಪಿದ್ದನ್ನು ಯುನಿಟ್ಟಿನಿಂದ ಭಾಗಿಸಲು ಬರುವುದಿಲ್ಲ. ಒತ್ತಾಯದಿಂದ ಅಂಕಿ ಹಚ್ಚಿದರೆ ಲೆಕ್ಕವೇ ಸುಳ್ಳಾಗುತ್ತದೆ. ಪರವೋ ವಿರೋಧವೋ ಎಂದು ತರಗತಿಯಲ್ಲಿ ಕೈ ಎತ್ತಿಸುವುದಕ್ಕಿಂತ, ಲೆಕ್ಕದೊಳಗೆ ಬಂದದ್ದನ್ನು ಎಡಗಡೆ, ಬಾರದೆ ಉಳಿದದ್ದನ್ನು ಬಲಗಡೆ ಬರೆಸಿ, ಬಲಗಡೆಯ ಒಂದೊಂದಕ್ಕೂ ಯಾರನ್ನು ಹೋಗಿ ಕೇಳಬೇಕೆಂದು ಬರೆಸುವುದು ಒಳ್ಳೆಯದು. ಬಲಗಡೆ ಖಾಲಿ ಬಿಟ್ಟ ವರದಿಯನ್ನು ವಾಪಸು ಕೊಡಬೇಕು.

ಅಂಕ ಹಂಚುವ ರೀತಿ ಬದಲಾಗದೆ ಇದಾವುದೂ ನಡೆಯುವುದಿಲ್ಲ, ವಿದ್ಯಾರ್ಥಿಗಳು ಅಂಕ ಇರುವ ಕಡೆಗೇ ಹೋಗುತ್ತಾರೆ. 20 ಅಂಕದ ಒಂದು ಪ್ರಯೋಗವಾದರೆ ಅಳತೆ ಮತ್ತು ಅದರ ತಪ್ಪಿನ ಅಂದಾಜಿಗೆ 6, ಗಡಿ ಎಳೆದ ಚಿತ್ರಕ್ಕೆ 4, ಈ ಛೇದವೇ ಏಕೆ ಎಂಬ ಒಂದು ಪುಟಕ್ಕೆ 6, ಹೊರಗುಳಿದದ್ದರ ಪಟ್ಟಿಗೆ 4. ಅಂತಿಮ ಉತ್ತರಕ್ಕೆ ಬೇರೆ ಅಂಕ ಬೇಡ. ಇಟ್ಟರೆ ಹಿಂದಿನ ವರ್ಷದ ವರದಿಯಿಂದ ಎತ್ತಿ ಬರೆಯುತ್ತಾರೆ.

ಕಾಲವನ್ನೂ ನೋಡಿಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧವಿರುತ್ತದೆ, ಐಸಿನ ಪ್ರಯೋಗ ಆಗಸ್ಟ್ ದಾಟಿದ ಮೇಲೆಯೇ. ಅಡಿಕೆ ಒಲೆಗೆ ನವೆಂಬರಿನಿಂದ ಜನವರಿ. ಆ ಸಮಯದಲ್ಲಿ ಮನೆಯವರಿಗೆ ಕೈತುಂಬ ಕೆಲಸ, ಒಲೆಯನ್ನು ಅರ್ಧ ದಿನಕ್ಕಿಂತ ಹೆಚ್ಚು ಕೇಳಬಾರದು, ಉರಿಸಿದ ಸೌದೆಯ ದುಡ್ಡು ಕಾಲೇಜೇ ಕೊಡಬೇಕು. ಕವರ್ ಅಳೆಯಲು ಯಾವಾಗಲೂ ಆಗುತ್ತದೆ.

ಪ್ರಯೋಗ ಮುಗಿದ ಮೇಲೆ ಫಲಿತಾಂಶ ಪೆಟ್ಟಿಗೆ ಕೊಟ್ಟವರಿಗೆ, ಒಲೆ ಕೊಟ್ಟವರಿಗೆ ಹೋಗಿ ತಲುಪಬೇಕು. ಒಂದೇ ಹಾಳೆ ಸಾಕು, ಕನ್ನಡದಲ್ಲಿ, ಕೊಂಕಣಿ ಮಾತಾಡುವವರಿಗೆ ಕೊಂಕಣಿಯಲ್ಲಿ ಹೇಳಿ: ಎಷ್ಟು ಕಿಲೋ ಐಸು, ಎಷ್ಟು ರೂಪಾಯಿ, ಎಷ್ಟು ಸೌದೆ. 40 ಮಿಲಿಮೀಟರಿನ ಪೆಟ್ಟಿಗೆಯನ್ನು ಹದಿನೈದು ದಿನ ಅವರ ಹತ್ತಿರವೇ ಬಿಟ್ಟು, ಆಮೇಲೆ ಹೋಗಿ ಕೇಳಬೇಕು. ತೂಕ ಜಾಸ್ತಿ, ಎತ್ತಿ ಬಸ್ಸಿಗೆ ಹಾಕಲು ಆಗಲಿಲ್ಲ ಎಂದರೆ ಅದೂ ಅಳತೆಯೇ, ಅದನ್ನೂ ವರದಿಯಲ್ಲಿ ಬರೆಯಬೇಕು.